ಕೌದಿಯ ಹೊಟ್ಟೆ

ಶೆಪರ್ಟನ್ನಿನ ನಮ್ಮ ಶಿಶುವಿಹಾರದ ಬಾಗಿಲಿಗೆ
ಗ್ಲೆನಿಸ್ ಮೇಡಂ ಚೀಟಿ ಅಂಟಿಸಿದ್ದರು:
ನಿಮ್ಮ ಸಂಸ್ಕೃತಿಯದೊಂದು ವಸ್ತು ತನ್ನಿ,
ಒಡೆಯದಂಥದ್ದು.

ನನ್ನನ್ನೂ ಕೇಳಿದರು. ಇಂಡಿಯಾದವಳಲ್ಲವೇ ನೀನು,
ಆನೆ? ಬಣ್ಣದ ಪುಡಿ? ಒಂದು ಡ್ಯಾನ್ಸು?
ಹುನಗುಂದದ ಬಸ್‌ಸ್ಟ್ಯಾಂಡಿನ ಹಿಂದೆ ಬೆಳೆದವಳು ನಾನು,
ಆನೆ ನೋಡಿದ್ದು ಸರ್ಕಸ್ಸಿನಲ್ಲಿ,
ಅದೂ ದುಡ್ಡು ಕೊಟ್ಟು.

ಸೂಜಿ ಒಯ್ದೆ. ದಪ್ಪ ದಾರ, ಹಳೆ ಸೀರೆಯ ಎರಡು ತುಂಡು.
ನಾಲ್ಕು ವರ್ಷದವರ ಕೈಗೆ ಸೂಜಿಯೇ?
ಮೂರು ಪುಟದ ಫಾರ್ಮು ತುಂಬಿದ ಮೇಲೆ
ಮೆಲ್ಬರ್ನಿನಿಂದ ಬಂದವು
ಯಾರನ್ನೂ ಚುಚ್ಚದ ಪ್ಲಾಸ್ಟಿಕ್ ಸೂಜಿಗಳು;
ಬಟ್ಟೆಯನ್ನೂ ಚುಚ್ಚುತ್ತಿರಲಿಲ್ಲ.

ಯಲ್ದಾಳ ತಾಯಿ ತಂದದ್ದು ಮದುವೆಯ ಹಸಿರು ಮಖಮಲ್ಲು,
ಕತ್ತರಿ ತಾನೇ ಆಡಿಸಿದಳು, ನಮಗೆ ಕೊಡಲಿಲ್ಲ.
ಬಹಾಟಿಯ ಅಪ್ಪ ಹಣ್ಣಿನ ಡಬ್ಬಿಯ ಕಾರ್ಖಾನೆಯಲ್ಲಿ
ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲೇ,
ಹಳದಿ ಮೀನುಗಳೀಜುವ ಬಟ್ಟೆ ಕೊಟ್ಟು ಹೋದ.
ಎರ್ಮಿರಾಳ ಅಜ್ಜಿಗೆ ಇಂಗ್ಲಿಷ್ ಇಲ್ಲ.
ನನ್ನ ಹೊಲಿಗೆ ನೋಡಿ "ತ್ಚು" ಎಂದಳು,
ಬಿಚ್ಚಿ, ಮೊದಲಿನಿಂದ ಹಾಕಿದಳು.
ತ್ಚು ಎಂಬುದು ಅಲ್ಬೇನಿಯದಲ್ಲೂ ತ್ಚು ಎಂದೇ
ನನಗೆ ಅವತ್ತು ಗೊತ್ತಾಯಿತು.

ಆಂಟಿ ಲೋಯಿಸ್ ಬಂದರು, ಯೋರ್ತಾ ಯೋರ್ತಾ ಹಿರಿಯರು,
ಹೆಗಲ ಮೇಲೆ ಪೋಸಮ್ ತೊಗಲಿನ ಹೊದಿಕೆ.
ಮಗು ಹುಟ್ಟಿದಾಗ ಒಂದಿಷ್ಟೇ,
ಮಗು ಬೆಳೆದ ಹಾಗೆ ಇನ್ನೊಂದು ತೊಗಲು, ಮತ್ತೊಂದು.
ಮುಟ್ಟಿ ಎಂದರು. ಮಕ್ಕಳು ಮುಖ ಹೂತು ಮುಟ್ಟಿದವು.
ಆಚೆ ಹರಿಯುವ ಹೊಳೆಯ ಹಳೆಯ ಹೆಸರು ಹೇಳಿಕೊಟ್ಟರು:
ಕೈಯೆಲಾ.
ಮಕ್ಕಳು ಮೊದಲ ಸಲಕ್ಕೇ ಸರಿಯಾಗಿ ಅಂದವು.
ನನಗೆ ಮಾತ್ರ "ಕೈ" ಎಂದಷ್ಟೇ ಕೇಳಿ
ನಾಲ್ಕು ಸಲ ತಪ್ಪಿತು.

ಡಾರ್ಸಿ ಬರಿಗೈಯಲ್ಲಿ ನಿಂತಿದ್ದ.
"ನಮ್ಮನೇಲಿ ಸಂಸ್ಕೃತಿ ಇಲ್ಲ.
ಅಮ್ಮ ಹುಡುಕಿದಳು,
ಗ್ಯಾರೇಜಿನಲ್ಲೂ."

ಆಗ ನಮ್ಮ ದೊಡ್ಡವ್ವನ ಮಾತು ಹೇಳಿದೆ.
ಕೌದಿ ಮುಗಿಸುವ ಮುಂಚೆ ನಟ್ಟನಡುವೆ
ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು ಅವಳು.
"ಹಸದ ಕೌದಿ ಐತಲ್ಲ,
ಮಕ್ಕೊಂಡವರ ನಿದ್ದಿ ತಿಂತೈತಿ."

ಬಟ್ಟೆಯೊಳಗೆ ಆಹಾರ ಇಡುವಂತಿಲ್ಲ, ಎಂದರು ಗ್ಲೆನಿಸ್.
ಸರಿ, ಬರೆಯೋಣ.
ಯಲ್ದಾಳ ರೊಟ್ಟಿ ಅವಳಷ್ಟೇ ಉದ್ದ, ಮೈತುಂಬ ಗೀರು.
ಬಹಾಟಿಯದು ರೊಟ್ಟಿಯೇ ಅಲ್ಲ, ಬಿಳಿ ಉಂಡೆ.
ಮುದ್ದೆ! ಅಂದೆ. "ಅಲ್ಲ, ಉಗಾಲಿ," ತಿದ್ದಿದ.
ಡಾರ್ಸಿ ಬರೆದದ್ದು ಒಂದು ಚೌಕ, ಮೇಲೆ ಕರಿ ಗೆರೆ.
"ಟೋಸ್ಟು. ಕರಿಯದು ವೆಜಿಮೈಟ್.
ತೆಳ್ಳಗೆ ಸವರಬೇಕು, ಬೆಣ್ಣೆ ಕಾಣೋ ಹಾಗೆ.
ನಮ್ಮಜ್ಜನಿಗೆ ಬರುತ್ತೆ. ಅಪ್ಪನಿಗೆ ಬರೋದಿಲ್ಲ.
ನಾನು ಕಲೀತಿದ್ದೀನಿ."
ಇಡೀ ಕೋಣೆ ಸುಮ್ಮನೆ ಕೇಳಿತು,
ಆಂಟಿ ಲೋಯಿಸ್ ತಲೆಯಾಡಿಸಿದರು.

ಕೌದಿ ಗೋಡೆಗೇರಿತು. ಕೆಳಗೊಂದು ಫಲಕ:
ನಾವೆಲ್ಲರೂ ಒಂದೇ ಬಟ್ಟೆಯ ತುಂಡುಗಳು.
ಅಲ್ಲ. ಮಖಮಲ್ಲು ಜಾರುತ್ತದೆ,
ಮೀನಿನ ಬಟ್ಟೆ ಒದ್ದೆಯಾದರೆ ಬಣ್ಣ ಬಿಡುತ್ತದೆ,
ನನ್ನ ಸೀರೆ ಎರಡೂ ಕಡೆ ಎಳೆದು ಸುಕ್ಕಾಗಿದೆ.
ಉಪಮೆ ನೇತುಹಾಕಬಹುದು;
ಕೌದಿಯನ್ನು ಹಾಸಬೇಕು.
ಬುಧವಾರ ಮಧ್ಯಾಹ್ನ ಇಳಿಸಿ ಹಾಸಿದೆ.
ಐದು ಮಕ್ಕಳು, ಕಾಲ ಮೇಲೆ ಕಾಲು,
ಎರಡು ನಿಮಿಷಕ್ಕೆ ನಿದ್ದೆ.

ಗುರುವಾರ ಇರುವೆ.
ಬಾಗಿಲ ಸಂದಿಯಿಂದ ಹೊರಟ ಸಣ್ಣ ಕಪ್ಪು ಸಾಲು
ಗಮ್ ಪೇಂಟು, ಶೂಗಳು, ಮರದ ರೈಲು ದಾಟಿ
ಕೌದಿಯ ಹೊಟ್ಟೆಗೇ ನುಗ್ಗಿತ್ತು.
ಎರಡು ಬೆರಳಗಲ ಹೊಲಿಗೆ ಬಿಚ್ಚಿತ್ತು,
ಒಳಗೆ ಟೋಸ್ಟಿನ ಅಂಚು, ಒಣಗಿ ಕಟ್ಟಿಗೆಯಾದದ್ದು,
ಜೊತೆಗೆ ನಾನ್‌ನ ಒಂದು ಚೂರು,
ಅದು ಯಾರ ಕೆಲಸವೆಂದು ಮಖಮಲ್ಲು ಹೇಳಲಿಲ್ಲ.

ಯಾರಿದು ಇಟ್ಟದ್ದು? ಗ್ಲೆನಿಸ್ ಸೊಂಟಕ್ಕೆ ಕೈ ಕೊಟ್ಟರು.
ಡಾರ್ಸಿ ಕೈಯೆತ್ತಿದ.
"ಅದಕ್ಕೆ ಹಸಿವಾಗಿತ್ತು," ಅಂದ.